ಟೈಮೇ ಇಲ್ಲ ಅನ್ನೋರಿಗೆ ದಿನನಿತ್ಯದ ಆರೋಗ್ಯ: ಹಾಲಿನ ಪ್ಯಾಕೆಟ್ಟಿಂದ ಶುರು ಮಾಡಿ

ಹೋದ ವರ್ಷ ಆಫೀಸಲ್ಲಿ ಹೆಲ್ತ್ ಚೆಕಪ್ ಮಾಡ್ಸಿದ್ರು, ನನ್ನ ಎಚ್‌ಬಿಎ1ಸಿ 6.1 ಬಂತು. ಅದು ಹೆಚ್ಚುಕಮ್ಮಿ ಮೂರು ತಿಂಗಳ ಸರಾಸರಿ ಸಕ್ಕರೆ ಲೆಕ್ಕ, 5.7ರ ಒಳಗಿದ್ರೆ ನಾರ್ಮಲ್, 6.5 ಮುಟ್ಟಿದ್ರೆ ಡಯಾಬಿಟಿಸ್, ನಾನು ಮಧ್ಯದಲ್ಲಿ ತ್ರಿಶಂಕು. ವಯಸ್ಸು 43. ಡಾಕ್ಟ್ರು ಮಾತ್ರೆ ಬರೀಲಿಲ್ಲ, "ವಾಕ್ ಮಾಡಮ್ಮ, ಅನ್ನ ಕಮ್ಮಿ ಮಾಡು, ನಿದ್ದೆ ಚೆನ್ನಾಗಿ ಮಾಡು, ಟೆನ್ಷನ್ ಮಾಡ್ಕೋಬೇಡ" ಅಂದ್ರು. ಒಂದೇ ಉಸ್ರಿಗೆ ನಾಲ್ಕು ಕೆಲಸ! ಬೆಳಿಗ್ಗೆ ಐದೂವರೆಗೆ ಎದ್ದು ಮೂರು ಡಬ್ಬಿ ಕಟ್ಟಿ, ಬೆಂಗಳೂರಿನ ವಿಜಯನಗರದಿಂದ ಜಯನಗರಕ್ಕೆ ಆಫೀಸಿಗೆ ಓಡಿ, ಸಂಜೆ ಬಂದು ಮಗನ ಹೋಂವರ್ಕು, ಅತ್ತೆ ಬಿಪಿ ಮಾತ್ರೆ, ನಾಳೆಗೆ ಹಿಟ್ಟು ರುಬ್ಬೋದು ಅಂತ ಇರೋಳಿಗೆ ವಾಕ್ ಮಾಡೋಕೆ ಟೈಮ್ ಯಾವ ಅಂಗಡೀಲಿ ಸಿಗತ್ತೆ ಅಂತ ಅವ್ರು ಹೇಳ್ಲಿಲ್ಲ.

ಮೊದ್ಲು ಎಲ್ರೂ ಮಾಡೋದನ್ನೇ ಮಾಡ್ದೆ. ಮನೆ ಹತ್ರದ ಒಂದು ಜಿಮ್ಮಿಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಿ ಹನ್ನೊಂದು ದಿನ ಹೋದೆ. ಹನ್ನೆರಡನೇ ದಿನ ಮಗನಿಗೆ ಜ್ವರ, ಆಮೇಲೆ ಶ್ರಾವಣ, ವರಮಹಾಲಕ್ಷ್ಮಿ, ಗೌರಿ ಗಣೇಶ, ಮುಗೀತು. ಆಗ ಗೊತ್ತಾಗಿದ್ದು ಏನಂದ್ರೆ ನಮ್ಮ ದಿನದಲ್ಲಿ ಹೊಸ ಕೆಲಸ ತುರುಕೋಕೆ ಜಾಗ ಇಲ್ಲ, ಆದ್ರೆ ದಿನಾ ತಪ್ಪದೆ ಆಗೋ ಕೆಲಸಗಳು ಇದಾವಲ್ಲ, ಹಾಲು, ಕಾಫಿ, ಮೆಟ್ರೋ, ಊಟ, ಫೋನ್ ಚಾರ್ಜಿಗೆ ಹಾಕೋದು, ಅದಕ್ಕೆ ಒಂದೊಂದು ಗಂಟು ಹಾಕಬಹುದು. ಈ ಗೈಡ್ ಪೂರ್ತಿ ಗಂಟು ಹಾಕೋದರ ಬಗ್ಗೇನೇ. ನಾನು ಡಾಕ್ಟರ್ ಅಲ್ಲ, ಹಾರ್ಟು, ಕಿಡ್ನಿ, ಶುಗರ್ ಮಾತ್ರೆ, ಬಸಿರು ಅಂತ ಏನಾದ್ರೂ ಇದ್ರೆ ನಿಮ್ಮ ಡಾಕ್ಟ್ರನ್ನ ಕೇಳಿಯೇ ಮುಂದಿನದು.

ಮೊದ್ಲು ಅಳತೆ ತಗೊಳ್ಳಿ

ಒಂದು ಭಾನುವಾರ ಅರ್ಧ ಗಂಟೆ ಸಾಕು. ಟೇಲರ್ ಟೇಪ್ ತಗೊಂಡು ಹೊಟ್ಟೆ ಸುತ್ತಳತೆ ನೋಡಿ, ಉಸಿರು ಎಳ್ಕೊಂಡು ಹೊಟ್ಟೆ ಒಳಗೆ ಹಾಕಿ ಮೋಸ ಮಾಡ್ಬೇಡಿ. ಭಾರತೀಯರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದ್ರೆ ಎಚ್ಚರ ಅಂತ ಲೆಕ್ಕ. ಪ್ಯಾಂಟ್ ಸೈಜ್ ನಂಬೋ ಹಾಗಿಲ್ಲ, ನಮ್ಮನೆಯವ್ರು 34 ಅಂತಾನೇ ಹೇಳ್ಕೊಂಡು ಓಡಾಡ್ತಿದ್ರು, ಪ್ಯಾಂಟು ಹೊಟ್ಟೆ ಕೆಳಗೆ ಕೂತಿರ್ತಿತ್ತು, ಟೇಪ್ ಹಿಡಿದ್ರೆ 98 ಸೆಂ.ಮೀ.

ಬಿಪಿ ನೋಡೋದು ಅರ್ಧ ಜನಕ್ಕೆ ಸರಿಯಾಗಿ ಗೊತ್ತಿಲ್ಲ. ಅತ್ತೆ ಬಿಪಿ ಮಿಷಿನ್ ಕಟ್ಕೊಂಡೇ "ಕುಕ್ಕರ್ ಎಷ್ಟ್ ಕೂಗ್ತು" ಅಂತ ಕೇಳ್ತಿದ್ರು, ರೀಡಿಂಗ್ 150 ಬರ್ತಿತ್ತು. ಕಾಫಿ ಕುಡಿದು ಅರ್ಧ ಗಂಟೆ ಆಗಿರ್ಬೇಕು, ಬಾತ್‌ರೂಮಿಗೆ ಹೋಗಿ ಬಂದಿರ್ಬೇಕು, ಬೆನ್ನು ಒರಗಿಸಿ ಕಾಲು ನೆಲಕ್ಕೆ ಊರಿ ಐದು ನಿಮಿಷ ಸುಮ್ನೆ ಕೂತಿರ್ಬೇಕು, ಕಾಲ ಮೇಲೆ ಕಾಲು ಹಾಕಬಾರದು, ತೋಳು ಎದೆ ಮಟ್ಟಕ್ಕೆ ಟೇಬಲ್ ಮೇಲೆ ಇರ್ಬೇಕು, ಮಾತಾಡಬಾರದು. ಹೀಗೆ ಎರಡು ಸಲ ನೋಡಿ ಬರ್ಕೊಳ್ಳಿ. ಬೇರೆ ಬೇರೆ ದಿನ 140/90 ಅಥವಾ ಅದಕ್ಕಿಂತ ಮೇಲೆ ಬರ್ತಾನೇ ಇದ್ರೆ ಡಾಕ್ಟರ್ ಹತ್ರ ಹೋಗಿ.

ಬ್ಲಡ್ ಟೆಸ್ಟಲ್ಲಿ ಸಕ್ಕರೆ, ಕೊಲೆಸ್ಟ್ರಾಲ್, ಹಿಮೋಗ್ಲೋಬಿನ್ ಜೊತೆ ವಿಟಮಿನ್ ಬಿ12 ಕೂಡ ಮಾಡ್ಸಿ, ಅದೂ ಪೂರ್ತಿ ಸಸ್ಯಾಹಾರಿಗಳಾದ್ರೆ ಖಂಡಿತ. ಸುಸ್ತು, ಕೈಕಾಲು ಜೋಮು, ಮರೆವು ಎಲ್ಲಾ "ವಯಸ್ಸಾಯ್ತು" ಅಂತ ತಳ್ಳಿಹಾಕಿರ್ತೀವಿ, ಕೆಲವು ಸಲ ಬಿ12 ಕಮ್ಮಿ ಆಗಿರತ್ತೆ ಅಷ್ಟೆ.

ಮೊದಲ ಗಂಟು: ಹಾಲು ಹಾಕಿಸ್ಕೊಳ್ಳೋದು ನಿಲ್ಲಿಸಿ

ನಮ್ಮನೆ ಗೇಟಿಗೆ ಒಂದು ಬಟ್ಟೆ ಚೀಲ ನೇತಾಕಿದ್ವಿ, ಹುಡುಗ ಬಂದು ಎರಡು ನೀಲಿ ಪ್ಯಾಕೆಟ್ ಹಾಕಿ ಹೋಗ್ತಿದ್ದ. ಅದನ್ನ ನಿಲ್ಲಿಸ್ದೆ. ಈಗ ಹಾಲು ಬೇಕಂದ್ರೆ ನಂದಿನಿ ಬೂತಿಗೆ ನಾನೇ ಹೋಗ್ಬೇಕು, ಹಾಲಿಲ್ದೆ ಕಾಫಿ ಇಲ್ಲ, ಕಾಫಿ ಇಲ್ದೆ ಅತ್ತೆ ಎದ್ದೇಳಲ್ಲ, ಸೋ ತಪ್ಪಿಸ್ಕೊಳ್ಳೋ ದಾರೀನೇ ಇಲ್ಲ. ಹತ್ರದ ಬೂತ್ ಬಿಟ್ಟು ಪಾರ್ಕ್ ಆಚೆ ಇರೋ ಬೂತಿಗೆ ಹೋಗ್ತೀನಿ, ಹೋಗ್ತಾ ಹತ್ತು ನಿಮಿಷ, ಬರ್ತಾ ಪಾರ್ಕಲ್ಲಿ ಒಂದು ರೌಂಡ್, ಒಟ್ಟು 25 ನಿಮಿಷ. ಯಾರಾದ್ರೂ ಕೇಳಿದ್ರೆ "ಹಾಲು ತರೋಕೆ ಹೋಗಿದ್ದೆ" ಅಂತೀನಿ, ವಾಕಿಂಗ್ ಅಂದ್ರೆ ಮನೇಲಿ ನೂರು ಕೆಲಸ ಹೇಳ್ತಾರೆ, ಹಾಲು ಅಂದ್ರೆ ಯಾರೂ ತಡೆಯಲ್ಲ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ. 25 ನಿಮಿಷ ಇಂಟು ಏಳು ದಿನ ಅಂದ್ರೆ 175, ಬರೀ ಹಾಲಲ್ಲೇ ಮುಗೀತು. ಮಧ್ಯಮ ವೇಗ ಅಂದ್ರೆ ಮಾತಾಡ್ಬೋದು, ಆದ್ರೆ ಹಾಡೋಕೆ ಆಗಬಾರದು, ಅಷ್ಟು ಚುರುಕಾಗಿ. ಇನ್ನು 10,000 ಸ್ಟೆಪ್ಸ್ ಅನ್ನೋ ನಂಬರ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅದು ಶುರುವಾಗಿದ್ದೇ 1965ರಲ್ಲಿ ಜಪಾನಲ್ಲಿ ಹೆಜ್ಜೆ ಎಣಿಸೋ ಮೀಟರ್ ಮಾರೋಕೆ ಇಟ್ಟ ಹೆಸರಿಂದ. ಈಚಿನ ಸಂಶೋಧನೆಗಳಲ್ಲಿ 7,000ದ ಆಸುಪಾಸಿಗೇ ಒಳ್ಳೆ ಲಾಭ ಕಾಣತ್ತೆ.

ನಡೆಯೋಕೆ ಮೇನ್ ರೋಡ್ ಬೇಡ, ಕ್ರಾಸ್ ರೋಡ್ ಹಿಡೀರಿ. ಹೊಗೆ ಕಮ್ಮಿ, ಮರ ಜಾಸ್ತಿ. ಫುಟ್‌ಪಾತ್ ಚಪ್ಪಡಿ ಮಳೆಗಾಲದಲ್ಲಿ ಒಂದು ತುದಿ ತುಳಿದ್ರೆ ಇನ್ನೊಂದು ತುದಿಯಿಂದ ಕೆಸರು ನೀರು ಚಿಮ್ಮತ್ತೆ, ಹಾಗಾಗಿ ಚಪ್ಪಲಿ ಬಿಟ್ಟು ಶೂ ಹಾಕ್ಕೊಳ್ಳಿ, ಆ ಶೂ ರಾತ್ರೀನೇ ಬಾಗಿಲ ಹತ್ರ ಇಟ್ಟಿರಿ. ಭಾನುವಾರ ಒಂದು ದಿನ ಸ್ವಲ್ಪ ದೂರ ಹೋಗಿ: 240 ಎಕರೆ ಲಾಲ್‌ಬಾಗ್ ಇದೆ, ಗಾಡಿಗಳಿಲ್ಲದ ಭಾನುವಾರದ ಕಬ್ಬನ್ ಪಾರ್ಕಿದೆ, ಮಲ್ಲೇಶ್ವರದ ಕಡೆಯೋರಿಗೆ ಸ್ಯಾಂಕಿ ಕೆರೆ ಇದೆ. ಲಾಲ್‌ಬಾಗಿನ ಬಂಡೆ ಹತ್ತಿ ಇಳಿದ್ರೆ ಕಾಲಿಗೆ ಯಾವ ಮಿಷಿನ್ನೂ ಬೇಡ, 300 ಕೋಟಿ ವರ್ಷದ ಕಲ್ಲು ಫ್ರೀಯಾಗಿ ವ್ಯಾಯಾಮ ಮಾಡ್ಸತ್ತೆ. (ಆಚೆ ಬಂದ್ಮೇಲೆ ಮಸಾಲೆ ದೋಸೆಗೆ ಹೋಗೋದು ಬಿಡೋದು ನಿಮ್ಮ ನಿಮ್ಮ ಮನಸ್ಸಾಕ್ಷಿಗೆ ಬಿಟ್ಟಿದ್ದು, ನಾನು ತಿಂಗಳಿಗೊಂದ್ಸಲ ಹೋಗ್ತೀನಿ.)

ಎರಡನೇ ಗಂಟು: ಬೈಟೂ

ಕಾಫಿ ಬಿಡಿ ಅಂತ ನಾನು ಹೇಳಲ್ಲ, ಹೇಳಿದ್ರೂ ನೀವು ಕೇಳಲ್ಲ. ಆದ್ರೆ ಒಂದ್ಸಲ ಲೆಕ್ಕ ಹಾಕಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚೀಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬೇಡಿ ಅಂತಿದೆ, 150 ಮಿಲಿಲೀಟರ್ ಡಿಕಾಕ್ಷನ್ ಥರದ ಕಾಫೀಲಿ 80ರಿಂದ 120 ಮಿಲಿಗ್ರಾಂ ಇರತ್ತೆ ಅಂತಾನೂ ಇದೆ. ನಾನು ದಿನಕ್ಕೆ ಐದು ಕುಡೀತಿದ್ದೆ. ಸಕ್ಕರೆ ಲೆಕ್ಕ ಇನ್ನೂ ಕೆಟ್ಟದು, ಒಂದಕ್ಕೆ ಎರಡು ಚಮಚ ಅಂದ್ರೆ ಹತ್ತು ಚಮಚ, ಹತ್ರ ಹತ್ರ 40-50 ಗ್ರಾಂ ಬರೀ ಕಾಫಿಯಿಂದ. ಸ್ವೀಟ್ ಬಾಕ್ಸಿಗೆ ಕೈಯೇ ಹಾಕಲ್ಲ ಅಂತ ಜಂಭ ಬೇರೆ.

ನಮ್ಮೂರಲ್ಲಿ ಇದಕ್ಕೆ ಔಷಧಿ ಹಳೇ ಕಾಲದಿಂದ ಇದೆ, ಬೈಟೂ, ಅಂದ್ರೆ ಒಂದು ಕಾಫಿ ಇಬ್ರು ಹಂಚ್ಕೊಳ್ಳೋದು. ಆಫೀಸಲ್ಲಿ ಪಕ್ಕದ ಸೀಟಿನೋಳ ಜೊತೆ ಒಪ್ಪಂದ ಮಾಡ್ಕೊಂಡೆ, ದರ್ಶಿನಿಗೆ ಹೋದ್ರೆ "ಒಂದು ಬೈಟೂ, ಸಕ್ಕರೆ ಕಮ್ಮಿ". ಕೆಫೀನ್ ಅರ್ಧ, ಸಕ್ಕರೆ ಅರ್ಧಕ್ಕಿಂತ ಕಮ್ಮಿ, ಹರಟೆ ಮಾತ್ರ ಪೂರ್ತಿ. ಮನೇಲಿ ಸಕ್ಕರೇನ ವಾರಕ್ಕೆ ಕಾಲು ಚಮಚದ ಲೆಕ್ಕದಲ್ಲಿ ಇಳಿಸಿ, ಒಂದೇ ದಿನ ನಿಲ್ಲಿಸಿದ್ರೆ ಮನೇಲಿ ಜಗಳ ಆಗತ್ತೆ. ನಾನು ಎಂಟು ವಾರದಲ್ಲಿ ಎರಡು ಚಮಚದಿಂದ ಸೊನ್ನೆಗೆ ಬಂದೆ, ಈಗ ಮದ್ವೆ ಮನೆ ಕಾಫಿ ಕುಡಿದ್ರೆ ಪಾಯಸ ಅನ್ಸತ್ತೆ.

ಇನ್ನೆರಡು ವಿಷ್ಯ. ಕೆಫೀನ್ ಅರ್ಧ ಕರಗೋಕೇ ಐದಾರು ಗಂಟೆ ಬೇಕು, ಸಂಜೆ ಐದಕ್ಕೆ ಕುಡಿದಿದ್ದು ರಾತ್ರಿ ಹತ್ತೂವರೆಗೂ ಅರ್ಧ ಒಳಗೇ ಇರತ್ತೆ, ಹಾಗಾಗಿ ಕೊನೇ ಕಾಫಿ ಮಧ್ಯಾಹ್ನ ಮೂರರ ಒಳಗೆ. ಎರಡನೇದು, ಊಟ ಆದ ತಕ್ಷಣ ಕಾಫಿ ಟೀ ಬೇಡ, ಹಿಂದೆ ಮುಂದೆ ಒಂದು ಗಂಟೆ ಗ್ಯಾಪ್ ಬೇಕು, ಯಾಕಂದ್ರೆ ಅದರಲ್ಲಿರೋ ಟ್ಯಾನಿನ್ ಊಟದಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತೋಕೆ ಬಿಡಲ್ಲ. ಸೊಪ್ಪಿನ ಹುಳಿ ತಿಂದು ಮೇಲೆ ಒಂದು ಲೋಟ ಕಾಫಿ ಸುರ್ಕೊಂಡು "ಹಿಮೋಗ್ಲೋಬಿನ್ ಏರ್ತಾನೇ ಇಲ್ಲ" ಅನ್ನೋ ಹೆಂಗಸರಲ್ಲಿ ನಾನೂ ಒಬ್ಳು. ಸೊಪ್ಪಿನ ಮೇಲೆ ನಿಂಬೆಹಣ್ಣು ಹಿಂಡ್ಕೊಳ್ಳಿ, ವಿಟಮಿನ್ ಸಿ ಇದ್ರೆ ಅದೇ ಕಬ್ಬಿಣ ಚೆನ್ನಾಗಿ ಹತ್ತತ್ತೆ.

ಮೂರನೇ ಗಂಟು: ತಟ್ಟೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ನನ್ನ 6.1 ಆರು ತಿಂಗಳಲ್ಲಿ 5.8ಕ್ಕೆ ಇಳಿದಿದ್ದರಲ್ಲಿ ವಾಕಿಂಗಿನಷ್ಟೇ ಪಾಲು ತಟ್ಟೇದೂ ಇದೆ ಅಂತ ನನ್ನ ಅನಿಸಿಕೆ.

ಕಿನೋವಾ, ಅವಕಾಡೋ ಏನೂ ತರ್ಲಿಲ್ಲ. ಬಡ್ಸೋ ಆರ್ಡರ್ ಬದಲಾಯಿಸ್ದೆ ಅಷ್ಟೆ. ಮದ್ವೆ ಊಟ ನೆನಪು ಮಾಡ್ಕೊಳ್ಳಿ, ಎಲೆ ಮೇಲೆ ಮೊದ್ಲು ಬರೋದು ಕೋಸಂಬರಿ, ಪಲ್ಯ. ನಾವು ಅದನ್ನ ಮುಟ್ಟದೆ ಅನ್ನದ ಬಕೆಟ್ ಎಲ್ಲಿ ಬಂತು ಅಂತ ಕತ್ತು ಉದ್ದ ಮಾಡ್ಕೊಂಡು ಕೂತಿರ್ತೀವಿ. ತರಕಾರಿ, ಕಾಳು ಮೊದ್ಲು ಹೊಟ್ಟೆಗೆ ಹೋಗಿ ಆಮೇಲೆ ಅನ್ನ ಹೋದ್ರೆ ರಕ್ತದಲ್ಲಿ ಸಕ್ಕರೆ ದಿಢೀರ್ ಅಂತ ಏರಲ್ಲ. ಹಾಗಾಗಿ ನಮ್ಮನೇಲಿ ಈಗ ರೂಲ್ಸ್ ಇಷ್ಟೇ: ಒಂದು ಬಟ್ಲು ಪಲ್ಯನೋ ಕೋಸಂಬರೀನೋ ಖಾಲಿ ಆದ್ಮೇಲೇನೇ ಅನ್ನದ ಪಾತ್ರೆ ಅಡುಗೆಮನೆಯಿಂದ ಆಚೆ ಬರತ್ತೆ. ಮೊದ್ಲೆರಡು ವಾರ ನಮ್ಮನೆಯವ್ರು ಹುಲ್ಲು ತಿನ್ನಿಸ್ತಿದಾಳೆ ಅಂತ ಅವರಮ್ಮನ ಹತ್ರ ಕಂಪ್ಲೇಂಟ್ ಮಾಡಿದ್ರು. ಅತ್ತೆ ನನ್ನ ಪಕ್ಷ ವಹಿಸಿದ್ರು, ಅದು ಈ ವರ್ಷದ ದೊಡ್ಡ ಆಶ್ಚರ್ಯ.

ಐಸಿಎಂಆರ್‌ನ ಅದೇ ಮಾರ್ಗಸೂಚಿ ಪ್ರಕಾರ ದಿನಕ್ಕೆ ತರಕಾರಿ, ಸೊಪ್ಪು, ಹಣ್ಣು ಸೇರಿ ಒಬ್ರಿಗೆ ಅರ್ಧ ಕೆಜಿ ಹತ್ರ ಬೇಕು. ನಾಲ್ಕು ಜನದ ಮನೆಗೆ ದಿನಕ್ಕೆ ಎರಡು ಕೆಜಿ! ನಾವು ವಾರಕ್ಕೇ ಆರು ಕೆಜಿ ತರ್ತಿದ್ವಿ, ಅದರಲ್ಲಿ ಎರಡು ಕೆಜಿ ಆಲೂಗಡ್ಡೆ, ಅದು ಈ ಲೆಕ್ಕಕ್ಕೇ ಬರಲ್ಲ. ಪೂರ್ತಿ ಮುಟ್ಟೋಕೆ ಇನ್ನೂ ಆಗಿಲ್ಲ. ಸೊಪ್ಪಿನಮ್ಮ ಬೀದೀಲಿ ಕೂಗ್ಕೊಂಡು ಬಂದಾಗ ಕೇಳ್ದೆ ಎರಡು ಕಟ್ಟು ತಗೊಳ್ತೀನಿ, ದಂಟಾಗ್ಲಿ ಸಬ್ಬಸಿಗೆ ಆಗ್ಲಿ ಮೆಂತ್ಯ ಆಗ್ಲಿ, ಮನೆಗೆ ಬಂದ್ಮೇಲೆ ಅದು ಬಸ್ಸಾರೋ ಮಸ್ಸೊಪ್ಪೋ ಏನೋ ಒಂದು ಆಗತ್ತೆ. ಬಸ್ಸಾರು ಮಾಡಿದ ದಿನ ಕಾಳು, ಸೊಪ್ಪು, ಸಾರು, ಪಲ್ಯ ಎಲ್ಲಾ ಒಂದೇ ಪಾತ್ರೆಯಿಂದ ಹುಟ್ಟತ್ತೆ, ಡಯಟೀಷಿಯನ್ ಬರೆದುಕೊಟ್ಟ ಹಾಗಿರತ್ತೆ.

ಮುದ್ದೆ ಬಗ್ಗೆ ಒಂದು ಮಾತು. ರಾಗಿ ಬಂಗಾರ ನಿಜ, 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಇದರ ಹತ್ರಾನೂ ಬರಲ್ಲ. ಆದ್ರೆ ಶುಗರ್ ಇರೋರು ಮುದ್ದೆ ಎಷ್ಟು ಬೇಕಾದ್ರೂ ನುಂಗ್ಬೋದು ಅನ್ನೋದು ಸುಳ್ಳು, ಅದೂ ಪಿಷ್ಟಾನೇ. ಒಂದು ಸಣ್ಣ ಮುದ್ದೆ, ಜೊತೆಗೆ ಕಾಳು ಸೊಪ್ಪು ದಂಡಿಯಾಗಿ. ರಾಗಿ ಗಂಜಿ ಪೌಡರ್‌ಗೆ ಮೂರು ಚಮಚ ಬೆಲ್ಲ ಹಾಕಿ ಹೆಲ್ದಿ ಅಂತ ಕುಡಿಯೋದು ಇನ್ನೊಂದು ಜೋಕ್.

ಉಪ್ಪಿಗೆ ನಾನು ಚಮಚ ಅಳೆಯಲ್ಲ, ಪ್ಯಾಕೆಟ್ ಅಳೀತೀನಿ. ಒಬ್ರಿಗೆ ದಿನಕ್ಕೆ 5 ಗ್ರಾಂ ಒಳಗಿರ್ಬೇಕು ಅನ್ನತ್ತೆ ವಿಶ್ವ ಆರೋಗ್ಯ ಸಂಸ್ಥೆ, ಅಂದ್ರೆ ನಾಲ್ಕು ಜನಕ್ಕೆ 20 ಗ್ರಾಂ, ಒಂದು ಕೆಜಿ ಪ್ಯಾಕೆಟ್ 50 ದಿನ ಬರ್ಬೇಕು. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಲ್ಲಿ ಡೇಟ್ ಬರೀರಿ. ನಮ್ಮದು ಮೊದಲ ಸಲ 27ನೇ ದಿನಕ್ಕೆ ಖಾಲಿ. ಅದರಲ್ಲೂ ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರಾ ಬಿಸ್ಕೆಟ್ಟು, ಕಾಂಗ್ರೆಸ್ ಕಡ್ಲೆಬೀಜದ ಉಪ್ಪು ಲೆಕ್ಕಕ್ಕೇ ಹಿಡಿದಿಲ್ಲ.

ಆಚೆ ತಿಂಡಿ ತಿನ್ನೋರಿಗೆ: ಚೌಚೌ ಬಾತ್ ಬದಲು ಎರಡು ಇಡ್ಲಿ, ಸಾಂಬಾರ್ ಇನ್ನೊಂದು ಸಲ ಕೇಳಿ ಹಾಕ್ಸ್ಕೊಳ್ಳಿ, ವಡೆ ಬೇಕೇ ಬೇಕಂದ್ರೆ ಅದೂ ಬೈಟೂ. ಊಟ ಆದ್ಮೇಲೆ ಕೂರ್ಬೇಡಿ, ಹತ್ತು ನಿಮಿಷ ಓಡಾಡಿ, ಟೆರೇಸಾದ್ರೂ ಸರಿ ಆಫೀಸ್ ಕಾರಿಡಾರಾದ್ರೂ ಸರಿ. ಊಟದ ನಂತರದ ಸಕ್ಕರೆ ಇಳಿಸೋಕೆ ಇಷ್ಟು ಸುಲಭದ್ದು ನನಗೆ ಬೇರೆ ಸಿಕ್ಕಿಲ್ಲ.

ನಾಲ್ಕನೇ ಗಂಟು: ಮೆಟ್ರೋ ಮತ್ತೆ ಕುರ್ಚಿ

ನನಗೆ ಮೆಜೆಸ್ಟಿಕ್ಕಲ್ಲಿ ಪರ್ಪಲ್ ಲೈನಿಂದ ಗ್ರೀನ್ ಲೈನಿಗೆ ಬದಲಾಯಿಸ್ಬೇಕು, ಎಸ್ಕಲೇಟರ್ ಮುಂದೆ ಸಂತೆ, ಪಕ್ಕದ ಮೆಟ್ಟಿಲು ಖಾಲಿ. ಮೆಟ್ಟಿಲು ಹತ್ತೋನು ಮೊದ್ಲು ಮೇಲೆ ಹೋಗ್ತಾನೆ, ಇದು ಆರೋಗ್ಯಕ್ಕಿಂತ ಮುಂಚೆ ಟೈಮ್ ಉಳಿತಾಯ. ಆಮೇಲೆ ಜಯನಗರದವರೆಗೆ ಹೋಗದೆ ಸೌತ್ ಎಂಡ್ ಸರ್ಕಲ್ಲಲ್ಲಿ ಇಳಿದು ನಡೀತೀನಿ, ಮರದ ನೆರಳಿದೆ, ಹದಿನೈದು ನಿಮಿಷ. ಬಸ್ಸಲ್ಲಿ ಹೋಗೋರು ಒಂದು ಸ್ಟಾಪ್ ಮುಂಚೆ ಇಳೀರಿ, ಸ್ಕೂಟರ್ನೋರು ಗಾಡಿ ದೂರ ನಿಲ್ಲಿಸಿ, ಪಾರ್ಕಿಂಗೂ ಸಿಗತ್ತೆ.

ಆಫೀಸಲ್ಲಿ ಫೋನ್ ಬಂದ್ರೆ ಎದ್ದು ನಿಂತು ಮಾತಾಡೋದು, ನೀರಿನ ಬಾಟ್ಲಿ ಸಣ್ಣದು ಇಟ್ಕೊಳ್ಳೋದು, ಪದೇ ಪದೇ ತುಂಬಿಸೋಕೆ ಏಳ್ಬೇಕಾಗತ್ತೆ. ಕಣ್ಣಿಗೆ 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನ 20 ಸೆಕೆಂಡ್ ನೋಡೋದು. ಇಷ್ಟೆ.

ಐದನೇ ಗಂಟು: ನೀರಿನ ಕ್ಯಾನ್

ಕಾವೇರಿ ನೀರು ಬರದ ಒಂದು ವಾರ ಕ್ಯಾನ್ ತರ್ಸಿದ್ವಿ. 20 ಲೀಟರ್ ಅಂದ್ರೆ 20 ಕೆಜಿ, ಯಾರೂ ಮನೇಲಿರ್ಲಿಲ್ಲ, ನಾನೇ ಬಗ್ಗಿ ಎತ್ತಿ ಸ್ಟ್ಯಾಂಡಿಗೆ ಇಡೋಕೆ ಹೋದೆ, ಸೊಂಟದಲ್ಲಿ ಚಟ್ ಅಂತು. ನಾಲ್ಕು ದಿನ ಮಂಚ. ದಿನಾ ನಡೀತಿದ್ದೆ, ಆದ್ರೂ ಯಾಕೆ ಹೀಗೆ ಅಂದ್ರೆ ನಡಿಗೆ ಬೇರೆ, ಶಕ್ತಿ ಬೇರೆ. ವಯಸ್ಸಾಗ್ತಾ ಮಾಂಸಖಂಡ ಕರಗತ್ತೆ, ಅದಕ್ಕೆ ವಾರಕ್ಕೆ ಎರಡು ದಿನವಾದ್ರೂ ಭಾರದ ವ್ಯಾಯಾಮ ಬೇಕು.

ಸೊಂಟ ಸರಿಯಾದ್ಮೇಲೆ ಕುಕ್ಕರ್ ಗಂಟು ಹಾಕ್ದೆ. ಕುಕ್ಕರ್ ಒಲೆ ಮೇಲಿಟ್ಟು ಮೂರು ವಿಷಲ್ ಆಗೋ ಅಷ್ಟರಲ್ಲಿ: ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು ಹತ್ತು ಸಲ, ಅಡುಗೆ ಕಟ್ಟೆ ಹಿಡಿದು ದಂಡ ಹೊಡೆದ ಹಾಗೆ ಮೈ ತಳ್ಳೋದು ಹತ್ತು ಸಲ, ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲೋದು ಹದಿನೈದು ಸಲ. ವಿಷಲ್ ಬಾಕಿ ಇದ್ರೆ ಇನ್ನೊಂದು ಸುತ್ತು. ಮಂಡಿ ನೋವಿಲ್ದೋರು ರಾತ್ರಿ ಊಟಕ್ಕೆ ನೆಲದ ಮೇಲೆ ಕೂತ್ಕೊಳ್ಳಿ, ಕೈ ಊರದೆ ಏಳೋಕೆ ಪ್ರಯತ್ನ ಪಡಿ. ಕ್ಯಾನ್ ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ ಕುಕ್ಕರಗಾಲಲ್ಲಿ ಕೂತು, ಕ್ಯಾನ್ ಎದೆಗೆ ಅವಚಿಕೊಂಡು ಕಾಲಿನ ಬಲದಲ್ಲಿ ಏಳಿ.

ಆರನೇ ಗಂಟು: ಚಾರ್ಜರ್

ಚಾರ್ಜರ್ ಎಲ್ಲಿದೆಯೋ ನಿದ್ದೆ ಅಲ್ಲಿ ಹಾಳಾಗತ್ತೆ. ಮನೆಯ ಅಷ್ಟೂ ಚಾರ್ಜರ್ ನಡುಮನೆಗೆ ತಂದು ಟಿವಿ ಪಕ್ಕ ಇಟ್ವಿ, ಅಲಾರಂಗೆ ಒಂದು ಸಣ್ಣ ಗಡಿಯಾರ ತಂದ್ವಿ. "ಎಮರ್ಜೆನ್ಸಿ ಕಾಲ್ ಬಂದ್ರೆ?" ಅಂದ್ರು ನಮ್ಮನೆಯವ್ರು. ರಿಂಗ್ ಜೋರಾಗಿಡಿ, ಎದ್ದು ಬರೋಕೆ ಹತ್ತು ಹೆಜ್ಜೆ.

ದೊಡ್ಡೋರಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು. ಮಲಗೋ ಟೈಮ್ ಹಿಡಿತಕ್ಕೆ ಬರ್ಲಿಲ್ಲ ಅಂದ್ರೆ ಏಳೋ ಟೈಮ್ ಹಿಡ್ಕೊಳ್ಳಿ, ಭಾನುವಾರವೂ ಅದೇ ಟೈಮಿಗೆ ಎದ್ದು ಬೆಳಗಿನ ಬೆಳಕಲ್ಲಿ ಹಾಲಿಗೆ ಹೋಗಿ, ಒಂದೆರಡು ವಾರದಲ್ಲಿ ರಾತ್ರಿ ನಿದ್ದೆ ತಾನಾಗೇ ಬೇಗ ಎಳೆಯತ್ತೆ. ಅಮೆರಿಕಾ ಟೀಮಿನ ಜೊತೆ ರಾತ್ರಿ ಹತ್ತರ ಕಾಲ್ ಇರೋರ ಕಷ್ಟ ಬೇರೆ, ನನ್ನ ತಮ್ಮ ಹಾಗೇ. ಅವನು ಮಾಡೋದು: ಕಾಲ್ ಇರೋ ದಿನ ಊಟ ಎಂಟಕ್ಕೇ ಮುಗಿಸ್ತಾನೆ, ಕಾಲ್ ಮುಗಿದ ತಕ್ಷಣ ಹಾಸಿಗೆಗೆ ಹಾರಲ್ಲ, ದೊಡ್ಡ ಲೈಟ್ ಆರಿಸಿ ಇಪ್ಪತ್ತು ನಿಮಿಷ ನಾಳೆ ಬಟ್ಟೆ ಮಡಚೋದು, ಬಾಟ್ಲಿ ತುಂಬೋದು ಅಂತ ಪೆದ್ದು ಕೆಲಸ ಮಾಡ್ತಾನೆ. ಪೆದ್ದು ಕೆಲಸ ನಿದ್ದೆಗೆ ಬಹಳ ಒಳ್ಳೇದು. ಮತ್ತೆ ಸೊಳ್ಳೆ ಪರದೆ ಕಟ್ಟಿ, ಅದಿಲ್ದೆ ಈ ಊರಲ್ಲಿ ಯಾವ ಟಿಪ್ಸೂ ಕೆಲಸ ಮಾಡಲ್ಲ.

ಏಳನೇ ಗಂಟು: ಸಿಗ್ನಲ್, ಫೋನು, ಒಂದು ಮಾತು

ಸಿಗ್ನಲ್ಲಲ್ಲಿ ಕೆಂಪು ನಂಬರ್ 90 ಅಂತ ಕಾಣತ್ತಲ್ಲ, ನಾಲ್ಕು ಎಣಿಸ್ಕೊಂಡು ಉಸಿರು ತಗೊಳ್ಳಿ, ಆರು ಎಣಿಸ್ಕೊಂಡು ಬಿಡಿ, ಒಂದಕ್ಕೆ ಹತ್ತು ಸೆಕೆಂಡ್, 90ಕ್ಕೆ ಒಂಬತ್ತು ಉಸಿರು. ಬಿಡೋ ಉಸಿರು ಉದ್ದ ಇದ್ರೆ ಎದೆಬಡಿತ ನಿಧಾನ ಆಗತ್ತೆ, ಮೈ ಸಡಿಲ ಆಗತ್ತೆ. ಇದು ಬಸ್ಸು, ಕ್ಯಾಬ್ ಒಳಗಿರೋರಿಗೆ. ಸ್ಕೂಟರ್ ಮೇಲೆ ಬಿಎಂಟಿಸಿ ಹಿಂದೆ ನಿಂತು ದೀರ್ಘ ಉಸಿರು ತಗೊಂಡ್ರೆ ಬರೀ ಹೊಗೆ, ಅವ್ರು ಹಲ್ಲು ಕಚ್ಚಿದ್ರೆ ಸಡಿಲ ಬಿಡಿ, ಭುಜ ಇಳಿಸಿ, ಹಾರ್ನ್ ಮೇಲಿಂದ ಕೈ ತೆಗೀರಿ, ಸಾಕು.

ತಲೆ ತುಂಬಿದ ದಿನ ಮಲಗೋ ಮುಂಚೆ ಹಳೇ ಡೈರೀಲಿ ಎರಡು ಕಾಲಂ: ನಾಳೆ ನನ್ನ ಕೈಲಿ ಆಗೋದು, ನನ್ನ ಕೈಲಿ ಇಲ್ಲದ್ದು. ಮೊದಲ ಕಾಲಂ ಯಾವಾಗ್ಲೂ ಚಿಕ್ಕದಿರತ್ತೆ.

ದಿನಕ್ಕೊಬ್ರಿಗೆ ಫೋನ್ ಮಾಡಿ, ಮೆಸೇಜ್ ಅಲ್ಲ, ಫೋನು. ನಾನು ಸೌತ್ ಎಂಡಿಂದ ನಡೆಯುವಾಗ ತುಮಕೂರಲ್ಲಿರೋ ಅಮ್ಮನಿಗೆ ಮಾಡ್ತೀನಿ. ಪಿಜೀಲಿ ಒಬ್ರೇ ಇರೋ ಹುಡುಗ್ರು ಹುಡುಗೀರು ಸುತ್ತ ಇದ್ರೆ "ತಿಂಡಿ ಆಯ್ತಾ" ಅಂತ ಕೇಳಿ, ಕೇಳಿದ ಮೇಲೆ ಉತ್ತರಕ್ಕೆ ಒಂದು ನಿಮಿಷ ನಿಲ್ಲಿ. ಎಷ್ಟೋ ಜನಕ್ಕೆ ಬೆಳಿಗ್ಗೆಯಿಂದ ಅದೇ ಮೊದಲ ಮಾತಾಗಿರತ್ತೆ.

ಎರಡು ವಾರದ ಮೇಲೂ ಬೇಜಾರು ಬಿಡ್ತಿಲ್ಲ, ಇಷ್ಟದ್ದೂ ರುಚಿಸ್ತಿಲ್ಲ, ನಿದ್ದೆ ಊಟ ಕೆಟ್ಟಿದೆ ಅಂದ್ರೆ ವಾಕಿಂಗ್, ಉಸಿರಾಟ ಅಂತ ತೇಪೆ ಹಾಕ್ತಾ ಕೂರ್ಬೇಡಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, ಕೇಂದ್ರ ಸರ್ಕಾರ 2022ರ ಅಕ್ಟೋಬರಲ್ಲಿ ಶುರು ಮಾಡಿದ್ದು, ಇದರ ಮುಖ್ಯ ಕೇಂದ್ರ ನಮ್ಮ ಹೊಸೂರು ರೋಡಿನ ನಿಮ್ಹಾನ್ಸೇ. 24 ಗಂಟೆ, ಫ್ರೀ, ಕನ್ನಡದಲ್ಲೇ ಮಾತಾಡ್ಬೋದು. ಸಾಯೋ ಯೋಚನೆ ಬಂದ್ರೆ ನಾಳೆ ಅನ್ಬೇಡಿ, ಆ ಗಳಿಗೇಲೇ ಪಕ್ಕದಲ್ಲಿರೋರಿಗೆ ಹೇಳಿ, ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ. ಮಕ್ಕಳ ಮೊಬೈಲ್ ಹುಚ್ಚು ಕೈ ಮೀರಿದ್ರೆ ನಿಮ್ಹಾನ್ಸಲ್ಲಿ 2014ರಿಂದ ಅದಕ್ಕಂತಾನೇ ಶಟ್ ಕ್ಲಿನಿಕ್ ಇದೆ. ನಿಮ್ಹಾನ್ಸ್ ಅಂದ ತಕ್ಷಣ ಮುಖ ಹುಳ್ಳಗೆ ಮಾಡೋ ನೆಂಟರಿಗೆ ಹೇಳಲೇಬೇಕು ಅಂತೇನಿಲ್ಲ, ಹಲ್ಲು ನೋವಿಗೆ ಹೋದ್ರೆ ಹೇಳಿ ಹೋಗ್ತೀವಾ?

ತಪ್ಪಿ ಹೋದಾಗ

ಏಳೂ ಒಟ್ಟಿಗೆ ಶುರು ಮಾಡ್ಬೇಡಿ. ಒಂದು ಗಂಟು ಬಿಗಿಯಾದ ಮೇಲೆ ಇನ್ನೊಂದು. 21 ದಿನಕ್ಕೆ ಅಭ್ಯಾಸ ಆಗತ್ತೆ ಅನ್ನೋದು ಸುಮ್ನೆ ಮಾತು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನೋರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಬೇಕಾಯ್ತು, ಕೆಲವರಿಗೆ 18, ಕೆಲವರಿಗೆ 254ರ ತನಕ ಲೆಕ್ಕ ಬಂತು. ಮಧ್ಯ ಒಂದು ದಿನ ತಪ್ಪಿದ್ರೆ ಏನೂ ಕೆಟ್ಟು ಹೋಗಲ್ಲ ಅಂತಾನೂ ಅದರಲ್ಲೇ ಗೊತ್ತಾಗಿದ್ದು. ನನ್ನ ಜಿಮ್ ಕಥೆ ಕೆಟ್ಟಿದ್ದು ಹನ್ನೆರಡನೇ ದಿನ ತಪ್ಪಿದ್ದಕ್ಕಲ್ಲ, ಹದಿಮೂರನೇ ದಿನವೂ ಹೋಗದೆ ಇದ್ದಿದ್ದಕ್ಕೆ.

ಲೆಕ್ಕ ಇಡೋಕೆ ಆಪ್ ಬೇಡ. ಅತ್ತೆ ಮೊದ್ಲಿಂದಾನೂ ಅಡುಗೆಮನೆ ಕ್ಯಾಲೆಂಡರ್ ಮೇಲೆ ಗ್ಯಾಸ್ ಬಂದ ದಿನ, ಹಾಲು ಬರದ ದಿನ ಪೆನ್ಸಿಲಲ್ಲಿ ಸುತ್ತು ಹಾಕೋರು, ತಿಂಗಳ ಕೊನೇಲಿ ಹಾಲಿನ ಹುಡುಗನ ಜೊತೆ ಲೆಕ್ಕ ಮಾಡೋಕೆ. ಈಗ ಹುಡುಗ ಬರಲ್ಲ, ಸುತ್ತು ಮಾತ್ರ ನಿಂತಿಲ್ಲ. ನಾನು ಹಾಲಿಗೆ ಹೋಗದೆ ನಮ್ಮನೆಯವ್ರನ್ನ ಸ್ಕೂಟರಲ್ಲಿ ಕಳಿಸಿದ ದಿನ ಗುಂಡಗೆ ಒಂದು ಸುತ್ತು ಬೀಳತ್ತೆ. ಹೋದ ತಿಂಗಳು ನಾಲ್ಕು ಸುತ್ತು ಇತ್ತು, ಮೂರು ಅಂತ ನಾನು ವಾದ ಮಾಡ್ದೆ, ಅತ್ತೆ ಒಪ್ಲಿಲ್ಲ.